ಅಪ್‌ಡೇಟ್ ಆದಮೇಲೆ ಫೋನ್ ಕೈಕೊಟ್ಟಿತೇ? ಫಾರ್ಮ್ಯಾಟ್ ಮಾಡಿಸುವ ಮುಂಚೆ ಇಷ್ಟು ಮಾಡಿ

ತಿಪಟೂರಿನಲ್ಲಿರುವ ನನ್ನ ಚಿಕ್ಕಮ್ಮ ಒಂದು ಬೆಳಿಗ್ಗೆ ಪಕ್ಕದ ಮನೆಯವರ ಫೋನ್‌ನಿಂದ ಕರೆ ಮಾಡಿದರು. "ನನ್ನ ಫೋನಲ್ಲಿ ಯಾರು ಮಾತಾಡಿದ್ರೂ ಕೇಳಿಸ್ತಿಲ್ಲ ಕಣೋ. ರಾತ್ರಿ ಏನೋ ಬಂತು, ಓಕೆ ಒತ್ತಿದೆ. ನಾನೇ ಒತ್ತಬಾರದ್ದು ಒತ್ತಿಬಿಟ್ಟೆ ಅನ್ಸುತ್ತೆ." ನಾನು ಊರಲ್ಲಿರಲಿಲ್ಲ. ಸಂಜೆ ನೋಡೋಣ, ಅಲ್ಲಿಯವರೆಗೆ ಏನೂ ಮಾಡಬೇಡಿ ಎಂದೆ. ಆದರೆ ಅವರ ಮಗಳು ಹೆರಿಗೆಗೆ ಆಸ್ಪತ್ರೆ ಸೇರಿದ್ದಳು. ಫೋನ್ ಇಲ್ಲದೆ ಅವರಿಗೆ ಒಂದು ಗಂಟೆ ಕಳೆಯುವುದೂ ಕಷ್ಟವಾಗಿತ್ತು. ಹತ್ತಿರದ ಅಂಗಡಿಗೆ ಕೊಟ್ಟರು. ಅಂಗಡಿಯವರು ಒಂದು ಮಾತೂ ಕೇಳದೆ ಫಾರ್ಮ್ಯಾಟ್ ಮಾಡಿ, ಒಳಗಿದ್ದುದನ್ನೆಲ್ಲ ಅಳಿಸಿಬಿಟ್ಟರು.

ತೀರಿಕೊಂಡ ನಮ್ಮ ಅಜ್ಜಿ ಕಳಿಸಿದ್ದ ವಾಯ್ಸ್ ಮೆಸೇಜ್‌ಗಳು ಆ ಫೋನಿನಲ್ಲಿದ್ದವು. "ಊಟ ಆಯ್ತೇನೇ? ಮಳೆ ಬಂತಾ?" ಎಂದು ಕೇಳುವ ಸಣ್ಣ ಸಣ್ಣ ಮಾತುಗಳು. ಎಲ್ಲವೂ ಹೋದವು. ಇಷ್ಟಾದರೂ ಫೋನ್ ಸರಿಹೋಗಲಿಲ್ಲ. ಸ್ಪೀಕರ್ ಹಾಗೇ ಮೂಕವಾಗಿತ್ತು. ಒಂಬತ್ತು ದಿನದ ಮೇಲೆ ಕಂಪನಿಯಿಂದ ಇನ್ನೊಂದು ಸಣ್ಣ ಅಪ್‌ಡೇಟ್ ಬಂತು. ಫೋನ್ ತಾನಾಗಿಯೇ ಮಾತಾಡಿತು.

ಅವತ್ತಿನಿಂದ ನಮ್ಮ ಮನೆಯವರ, ನೆಂಟರ ಫೋನ್‌ಗಳಲ್ಲಿ ಇಂಥ ತೊಂದರೆ ಬಂದಾಗಲೆಲ್ಲ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಸಣ್ಣದರಿಂದ ದೊಡ್ಡದಕ್ಕೆ ಹೋಗುವುದು, ಡೇಟಾ ಅಳಿಸುವ ಕೆಲಸವನ್ನು ಕಟ್ಟಕಡೆಗೆ ಇಡುವುದು. ಅದನ್ನೇ ಇಲ್ಲಿ ವಿವರವಾಗಿ ಬರೆದಿದ್ದೇನೆ.

ತಪ್ಪು ನಿಮ್ಮದಲ್ಲ

ಇದನ್ನು ಮೊದಲೇ ಹೇಳಬೇಕು. ಏಕೆಂದರೆ ಫೋನ್ ಕೆಟ್ಟಾಗ, ಅದರಲ್ಲೂ ವಯಸ್ಸಾದವರು, ತಮ್ಮನ್ನೇ ಬೈದುಕೊಳ್ಳುತ್ತಾರೆ. ಅಪ್‌ಡೇಟ್ ಒತ್ತಿದ್ದು ತಪ್ಪಲ್ಲ. ದೊಡ್ಡ ದೊಡ್ಡ ಕಂಪನಿಗಳೇ ಇಲ್ಲಿ ಎಡವಿವೆ. 2014ರ ಸೆಪ್ಟೆಂಬರ್ 24ರಂದು ಆ್ಯಪಲ್ ಬಿಟ್ಟ ಐಒಎಸ್ 8.0.1 ಅಪ್‌ಡೇಟ್ ಹಾಕಿಕೊಂಡ ಐಫೋನ್ 6ಗಳಲ್ಲಿ ನೆಟ್‌ವರ್ಕೇ ಹೋಯಿತು, ಬೆರಳಚ್ಚು ಕೆಲಸ ಮಾಡಲಿಲ್ಲ. ಕಂಪನಿ ಅದೇ ದಿನ ಆ ಅಪ್‌ಡೇಟನ್ನು ವಾಪಸ್ ಪಡೆಯಿತು. 2021ರ ಆರಂಭದಲ್ಲಿ ಶಿಯೋಮಿಯ ಎಂಐ ಎ3 ಫೋನ್‌ಗಳಿಗೆ ಆಂಡ್ರಾಯ್ಡ್ 11 ಬಂದಾಗ ಎಷ್ಟೋ ಫೋನ್‌ಗಳು ಆನ್ ಆಗುವುದೇ ನಿಂತುಹೋಯಿತು. 2023ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ 14 ಹಾಕಿಕೊಂಡ ಗೂಗಲ್ ಪಿಕ್ಸೆಲ್ ಫೋನ್‌ಗಳ ಪೈಕಿ ಒಂದಕ್ಕಿಂತ ಹೆಚ್ಚು ಬಳಕೆದಾರರ ಪ್ರೊಫೈಲ್ ಇದ್ದ ಕೆಲವು ಫೋನ್‌ಗಳಲ್ಲಿ, ಮಾಲೀಕರಿಗೇ ತಮ್ಮ ಫೋಟೋ, ಫೈಲುಗಳು ಸಿಗದಂತಾದವು.

ಹೀಗೇಕೆ ಆಗುತ್ತದೆ? ಒಂದು ಆಂಡ್ರಾಯ್ಡ್ ಅಪ್‌ಡೇಟ್ ನಮ್ಮ ಕೈಗೆ ಬರುವ ಮುಂಚೆ ಗೂಗಲ್, ಚಿಪ್ ತಯಾರಿಸುವ ಕಂಪನಿ, ಫೋನ್ ಕಂಪನಿ ಎಲ್ಲರ ಕೈ ದಾಟಿ ಬರುತ್ತದೆ. ಒಂದೇ ಮಾಡೆಲ್ ಆದರೂ ಒಬ್ಬರ ಫೋನಿನಲ್ಲಿ ಎರಡು ಸಿಮ್, ಇನ್ನೊಬ್ಬರದರಲ್ಲಿ ಮೆಮೊರಿ ಕಾರ್ಡ್, ಮತ್ತೊಬ್ಬರದರಲ್ಲಿ ನೂರಾರು ಆ್ಯಪ್. ಇಷ್ಟು ಬಗೆಯ ಫೋನ್‌ಗಳಲ್ಲೂ ಪರೀಕ್ಷೆ ಮಾಡಿ ನೋಡಲು ಆಗುವುದಿಲ್ಲ. ಅದಕ್ಕೇ ಕಂಪನಿಗಳು ಮೊದಲು ಸ್ವಲ್ಪ ಜನರಿಗೆ ಕಳಿಸಿ, ಆಮೇಲೆ ಉಳಿದವರಿಗೆ ಕಳಿಸುತ್ತವೆ. ಆ ಮೊದಲ ಗುಂಪಿನಲ್ಲಿ ನೀವಿದ್ದರೆ ಪರೀಕ್ಷೆ ನಡೆಯುವುದು ನಿಮ್ಮ ಫೋನಿನ ಮೇಲೇ.

ಹೆಜ್ಜೆ 1: ಯಾವ ಅಪ್‌ಡೇಟ್ ಬಂತು, ನೋಡಿ

ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ತೊಂದರೆ ಶುರುವಾಗಿದ್ದು ಯಾವ ದಿನ? ಅದರ ಹಿಂದಿನ ದಿನ ಏನು ಅಪ್‌ಡೇಟ್ ಆಯಿತು? ಫೋನಿನ ಮಾಡೆಲ್ ಯಾವುದು? ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಒಳಗೆ ಹೋದರೆ ಆಂಡ್ರಾಯ್ಡ್ ವರ್ಷನ್, ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ, ಬಿಲ್ಡ್ ನಂಬರ್ ಇರುತ್ತವೆ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಮನೆಯ ಇನ್ನೊಬ್ಬರ ಫೋನಿಗೆ ಕಳಿಸಿಡಿ. ಮುಂದೆ ಸರ್ವಿಸ್ ಸೆಂಟರ್‌ಗೆ ಹೋದರೂ, ದೂರು ಕೊಟ್ಟರೂ ಇದು ಬೇಕಾಗುತ್ತದೆ.

ಅಪ್‌ಡೇಟ್ ಅಂದರೆ ಒಂದೇ ಅಲ್ಲ. ಆಂಡ್ರಾಯ್ಡ್ 13ರಿಂದ 14ಕ್ಕೆ ಹೋಗುವ ಹಾಗೆ ವರ್ಷನ್ನೇ ಬದಲಾಗುವುದು ದೊಡ್ಡ ಅಪ್‌ಡೇಟ್. ಭದ್ರತೆಯ ತೂತುಗಳನ್ನು ಮುಚ್ಚುವ ಸೆಕ್ಯುರಿಟಿ ಪ್ಯಾಚ್ ಇನ್ನೊಂದು. ಆಂಡ್ರಾಯ್ಡ್ 10ರಿಂದ ಈಚೆಗೆ ಗೂಗಲ್ ಪ್ಲೇ ಸಿಸ್ಟಂ ಅಪ್‌ಡೇಟ್ ಎಂಬ ಮೂರನೆಯದೂ ಇದೆ. ಅದು ಫೋನ್ ಕಂಪನಿಯ ಮೂಲಕ ಬರುವುದಿಲ್ಲ, ನೇರವಾಗಿ ಗೂಗಲ್‌ನಿಂದ ಸದ್ದಿಲ್ಲದೆ ಬಂದು ಕೂರುತ್ತದೆ. ನಾಲ್ಕನೆಯದು ಪ್ಲೇ ಸ್ಟೋರ್‌ನಿಂದ ಬರುವ ಆ್ಯಪ್ ಅಪ್‌ಡೇಟ್.

ಈ ನಾಲ್ಕನೆಯದರ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ. 2021ರ ಮಾರ್ಚಿನಲ್ಲಿ ಜಗತ್ತಿನಾದ್ಯಂತ ಆಂಡ್ರಾಯ್ಡ್ ಫೋನ್‌ಗಳಲ್ಲಿ ಜಿಮೇಲ್ ಸೇರಿ ಹಲವು ಆ್ಯಪ್‌ಗಳು ತೆರೆದ ತಕ್ಷಣ ಮುಚ್ಚಿಕೊಳ್ಳತೊಡಗಿದವು. ಫೋನೇ ಹೋಯಿತು ಎಂದು ಜನ ಗಾಬರಿಯಾದರು. ಆಗಿದ್ದು ಇಷ್ಟೇ: ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ ಎಂಬ ಆ್ಯಪ್‌ನ ಅಪ್‌ಡೇಟ್ ಕೆಟ್ಟಿತ್ತು. ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸುವುದು ಅದರ ಕೆಲಸ. ಅದರ ಅಪ್‌ಡೇಟನ್ನು ಅನ್‌ಇನ್‌ಸ್ಟಾಲ್ ಮಾಡಿದವರ ಫೋನ್ ಕೂಡಲೇ ಸರಿಯಾಯಿತು. ಫಾರ್ಮ್ಯಾಟ್ ಮಾಡಿಸಿದವರು ಸುಮ್ನೆ ಡೇಟಾ ಕಳೆದುಕೊಂಡರು.

ಹಾಗಾಗಿ ಪ್ಲೇ ಸ್ಟೋರ್ ತೆರೆದು, ನಿಮ್ಮ ಫೋಟೋ ಒತ್ತಿ, ಮ್ಯಾನೇಜ್ ಆ್ಯಪ್ಸ್ ಒಳಗೆ ಇತ್ತೀಚೆಗೆ ಅಪ್‌ಡೇಟ್ ಆದವು ಯಾವುವು ಎಂದು ನೋಡಿ. ಪಟ್ಟಿಯನ್ನು ಹೊಸದು ಮೊದಲು ಬರುವಂತೆ ಜೋಡಿಸಬಹುದು.

ಹೆಜ್ಜೆ 2: ಎರಡು ಮೂರು ದಿನ ಕಾಯುವುದು ಯಾವಾಗ, ಕಾಯಬಾರದ್ದು ಯಾವಾಗ

ದೊಡ್ಡ ಅಪ್‌ಡೇಟ್ ಆದ ಮರುದಿನ ಬ್ಯಾಟರಿ ಬೇಗ ಇಳಿಯುವುದು, ಫೋನ್ ಬೆಚ್ಚಗಾಗುವುದು, ಸ್ವಲ್ಪ ನಿಧಾನವಾಗುವುದು ಮಾಮೂಲಿ. ಹೊಸ ವರ್ಷನ್‌ಗೆ ಹೊಂದುವಂತೆ ಫೋನ್ ಎಲ್ಲ ಆ್ಯಪ್‌ಗಳನ್ನೂ ಒಳಗೊಳಗೆ ಮತ್ತೆ ಸಿದ್ಧ ಮಾಡಿಕೊಳ್ಳುತ್ತಿರುತ್ತದೆ. ಐಫೋನ್ ಆದರೆ ಫೋಟೋ, ಫೈಲುಗಳ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತಿರುತ್ತದೆ. ಈ ಕೆಲಸ ಹೆಚ್ಚಾಗಿ ಫೋನ್ ಚಾರ್ಜಿಗೆ ಹಾಕಿ ಸುಮ್ಮನೆ ಇಟ್ಟಾಗ ನಡೆಯುತ್ತದೆ. ಎರಡು ಮೂರು ರಾತ್ರಿ ವೈಫೈ ಆನ್ ಇಟ್ಟು ಚಾರ್ಜಿಗೆ ಹಾಕಿ ಮಲಗಿ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ.

ಆದರೆ ಕರೆ ಬರುತ್ತಿಲ್ಲ, ಮಾತು ಕೇಳಿಸುತ್ತಿಲ್ಲ, ಚಾರ್ಜ್ ಆಗುತ್ತಿಲ್ಲ, ಪದೇ ಪದೇ ತಾನೇ ಆಫ್ ಆಗಿ ಆನ್ ಆಗುತ್ತಿದೆ ಎಂದರೆ ಕಾಯಬೇಡಿ. ಮುಂದಿನ ಹೆಜ್ಜೆಗೆ ಇವತ್ತೇ ಹೋಗಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ಅಥವಾ ಹಿಂಬದಿ ಉಬ್ಬಿದ್ದರೆ ಚಾರ್ಜರ್ ಕಿತ್ತು, ಆಫ್ ಮಾಡಿ, ನೇರ ಸರ್ವಿಸ್ ಸೆಂಟರ್‌ಗೆ ಹೋಗಿ. ಅದು ಸಾಫ್ಟ್‌ವೇರ್ ಮಾತಲ್ಲ.

ಹೆಜ್ಜೆ 3: ಇನ್ನೇನು ಮುಟ್ಟುವ ಮುಂಚೆಯೂ ಬ್ಯಾಕಪ್

ಇಡೀ ಬರಹದಲ್ಲಿ ಇದೊಂದನ್ನು ಮಾಡಿದರೂ ಸಾಕು ಎಂದು ನನಗನಿಸುತ್ತದೆ. ಫೋನ್ ಅರ್ಧಂಬರ್ಧ ಕೆಲಸ ಮಾಡುತ್ತಿರುವಾಗಲೇ, ಸ್ಕ್ರೀನ್ ಕಾಣುತ್ತಿರುವಾಗಲೇ ಮಾಡಿಕೊಳ್ಳಬೇಕು. ನಾಳೆ ಲೋಗೋದಲ್ಲೇ ನಿಂತುಬಿಟ್ಟರೆ ಅವಕಾಶ ಇರುವುದಿಲ್ಲ.

ವಾಟ್ಸಾಪ್‌ನಿಂದ ಶುರು ಮಾಡಿ. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್ ಒಳಗೆ ಹೋಗಿ. ಕೊನೆಯ ಬ್ಯಾಕಪ್ ಯಾವತ್ತು ಆಗಿದೆ, ಯಾವ ಗೂಗಲ್ ಖಾತೆಗೆ ಹೋಗಿದೆ ಎಂದು ಅಲ್ಲಿ ಇರುತ್ತದೆ. ಎಷ್ಟೋ ಮನೆಗಳಲ್ಲಿ ಆ ಖಾತೆ ಫೋನ್ ಕೊಡಿಸಿದ ದಿನ ಅಂಗಡಿಯವರು ಮಾಡಿಕೊಟ್ಟದ್ದು. ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಬ್ಯಾಕಪ್ ವಾಪಸ್ ಬರಬೇಕಾದರೆ ಅದೇ ಫೋನ್ ನಂಬರ್, ಅದೇ ಗೂಗಲ್ ಖಾತೆ ಎರಡೂ ಬೇಕು. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಬದಲಾಯಿಸಿಕೊಳ್ಳಿ. ಬ್ಯಾಕಪ್‌ಗೆ ಬೇರೆಯಾಗಿ ಪಾಸ್‌ವರ್ಡ್ ಇಟ್ಟಿದ್ದರೆ ಅದನ್ನೂ ಬರೆದಿಡಿ, ಮರೆತರೆ ಯಾರೂ ತೆಗೆದುಕೊಡಲಾರರು.

ಗೂಗಲ್‌ನಲ್ಲಿ ಉಚಿತವಾಗಿ ಸಿಗುವ ಜಾಗ 15 ಜಿಬಿ. ಫೋಟೋ, ಜಿಮೇಲ್, ಡ್ರೈವ್ ಎಲ್ಲಕ್ಕೂ ಸೇರಿ ಅಷ್ಟೇ. 2024ರಿಂದ ಆಂಡ್ರಾಯ್ಡ್ ವಾಟ್ಸಾಪ್ ಬ್ಯಾಕಪ್ ಕೂಡ ಅದರಲ್ಲೇ ಲೆಕ್ಕವಾಗುತ್ತದೆ. ಜಾಗ ತುಂಬಿದ್ದರೆ ಬ್ಯಾಕಪ್ ತಿಂಗಳುಗಟ್ಟಲೆ ನಿಂತಿರಬಹುದು, ನಮಗೆ ಗೊತ್ತೇ ಆಗಿರುವುದಿಲ್ಲ. ಜಾಗ ಇಲ್ಲದಿದ್ದರೆ ಫೋನನ್ನು ಕೇಬಲ್‌ನಿಂದ ಕಂಪ್ಯೂಟರ್‌ಗೆ ಸೇರಿಸಿ. ಆಂಡ್ರಾಯ್ಡ್ ಎಂಬ ಫೋಲ್ಡರ್ ಒಳಗೆ ಮೀಡಿಯಾ, ಅದರೊಳಗೆ ವಾಟ್ಸಾಪ್ ಹೆಸರಿನ ಫೋಲ್ಡರ್ ಇರುತ್ತದೆ. ಅದನ್ನು ಇಡಿಯಾಗಿ ಕಾಪಿ ಮಾಡಿ. ಡಿಸಿಐಎಂ ಫೋಲ್ಡರ್ ಕಾಪಿ ಮಾಡಿದರೆ ಕ್ಯಾಮೆರಾದ ಫೋಟೋಗಳು ಬರುತ್ತವೆ. ಬೆಲೆಬಾಳುವ ಒಂದೆರಡು ವಾಯ್ಸ್ ಮೆಸೇಜ್ ಇದ್ದರೆ ಅವನ್ನು ಮನೆಯ ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿಬಿಡಿ. ಅರ್ಧ ನಿಮಿಷದ ಕೆಲಸ. ಚಿಕ್ಕಮ್ಮನಿಗೆ ಇದನ್ನು ಹೇಳಲು ನನಗೆ ಅವತ್ತು ಹೊಳೆಯಲೇ ಇಲ್ಲ, ಈಗಲೂ ಅದು ಮನಸ್ಸಿನಲ್ಲಿ ಚುಚ್ಚುತ್ತದೆ.

ಕಾಂಟ್ಯಾಕ್ಟ್‌ಗಳು ಫೋನಿನಲ್ಲಿ ಮಾತ್ರ ಇವೆಯೋ, ಗೂಗಲ್ ಖಾತೆಯಲ್ಲಿ ಇವೆಯೋ ನೋಡಿ. ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಎಕ್ಸ್‌ಪೋರ್ಟ್ ಎಂದು ಇರುತ್ತದೆ, ಒಂದು ಫೈಲ್ ಮಾಡಿ ಇಮೇಲ್‌ಗೆ ಕಳಿಸಿಕೊಳ್ಳಿ. ಒಟಿಪಿ ಕೊಡುವ ಅಥೆಂಟಿಕೇಟರ್ ಆ್ಯಪ್ ಬಳಸುತ್ತಿದ್ದರೆ ಅದರ ಕೋಡ್‌ಗಳು ಖಾತೆಗೆ ಸಿಂಕ್ ಆಗಿವೆಯೇ ಎಂದು ಖಚಿತ ಮಾಡಿಕೊಳ್ಳಿ. ಇಲ್ಲವಾದರೆ ಆಫೀಸಿನ ಖಾತೆಗಳಿಗೆ ನೀವೇ ಹೊರಗಿನವರಾಗುತ್ತೀರಿ.

ಐಫೋನ್‌ನಲ್ಲಿ ಐಕ್ಲೌಡ್ ಉಚಿತ ಜಾಗ 5 ಜಿಬಿ ಮಾತ್ರ. ಸಾಲದು. ಕಂಪ್ಯೂಟರ್‌ಗೆ ಸೇರಿಸಿ ಪೂರ್ತಿ ಬ್ಯಾಕಪ್ ತೆಗೆಯುವುದು ಒಳ್ಳೆಯದು. ಎನ್‌ಕ್ರಿಪ್ಟ್ ಎನ್ನುವ ಗುರುತು ಹಾಕಿದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಅದರೊಳಗೆ ಬರುತ್ತವೆ.

ಹೆಜ್ಜೆ 4: ಡೇಟಾ ಅಳಿಸದ ಸಣ್ಣ ಉಪಾಯಗಳು

ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಎಲ್ಲರೂ ಹೇಳುವ ಮಾತೇ, ಆದರೂ ಮಾಡಿ.

ಆಮೇಲೆ ಸ್ಟೋರೇಜ್ ನೋಡಿ. ಪೂರ್ತಿ ತುಂಬಿದ ಫೋನ್ ಅಪ್‌ಡೇಟ್ ಆದಮೇಲೆ ಹ್ಯಾಂಗ್ ಆಗುವುದು ತೀರಾ ಸಾಮಾನ್ಯ. 64 ಜಿಬಿ ಫೋನಿನಲ್ಲಿ ಕನಿಷ್ಠ ಏಳೆಂಟು ಜಿಬಿ ಖಾಲಿ ಇಡುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ವಾಟ್ಸಾಪ್‌ಗೆ ಬಂದ ಗುಡ್ ಮಾರ್ನಿಂಗ್ ವಿಡಿಯೋಗಳನ್ನು ಅಳಿಸಿದರೇ ಬಹಳಷ್ಟು ಜಾಗ ಸಿಗುತ್ತದೆ.

ಒಂದೇ ಒಂದು ಆ್ಯಪ್ ಕೈಕೊಡುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆದು, ಸ್ಟೋರೇಜ್ ಒಳಗೆ ಕ್ಲಿಯರ್ ಕ್ಯಾಶ್ ಒತ್ತಿ. ಪಕ್ಕದಲ್ಲೇ ಕ್ಲಿಯರ್ ಡೇಟಾ ಅಥವಾ ಕ್ಲಿಯರ್ ಸ್ಟೋರೇಜ್ ಎಂದೂ ಇರುತ್ತದೆ. ಅದನ್ನು ಮುಟ್ಟಬೇಡಿ. ಕ್ಯಾಶ್ ಎಂದರೆ ತಾತ್ಕಾಲಿಕ ಫೈಲುಗಳು, ಹೋದರೂ ನಷ್ಟವಿಲ್ಲ. ಡೇಟಾ ಎಂದರೆ ನಿಮ್ಮ ಲಾಗಿನ್, ನಿಮ್ಮ ಚಾಟ್, ನಿಮ್ಮ ನೋಟ್ಸ್. ಫೋನಿನ ಜೊತೆಗೇ ಬಂದ ಆ್ಯಪ್ ಆಗಿದ್ದರೆ ಮೂರು ಚುಕ್ಕೆ ಒತ್ತಿದಾಗ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಸಿಗುತ್ತದೆ. ಅದು ಆ್ಯಪನ್ನು ಕಾರ್ಖಾನೆಯಿಂದ ಬಂದ ಹಳೆಯ ವರ್ಷನ್‌ಗೆ ಒಯ್ಯುತ್ತದೆ. ಆ್ಯಪ್‌ನಲ್ಲಿ ನೀವು ಉಳಿಸಿದ್ದೂ ಹೋಗಬಹುದು, ಅದಕ್ಕೇ ಬ್ಯಾಕಪ್ ಮೊದಲು ಎಂದದ್ದು.

ನೆಟ್‌ವರ್ಕ್ ತೊಂದರೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚು ಜನ ಒದ್ದಾಡುವುದು ಇದರಲ್ಲೇ. ಇಂಟರ್ನೆಟ್ ಬರುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಜಿಯೋ ಸಿಮ್ ಇದ್ದವರು ಮೊದಲು ವೋಲ್ಟೆ (VoLTE, ಅಂದರೆ 4ಜಿ ಮೇಲೆ ಕರೆ ಹೋಗುವ ಏರ್ಪಾಡು) ನೋಡಬೇಕು. ಜಿಯೋಗೆ 2ಜಿ, 3ಜಿ ನೆಟ್‌ವರ್ಕ್ ಇಲ್ಲ, ಕರೆಗಳೂ 4ಜಿ, 5ಜಿ ಮೇಲೇ ಹೋಗಬೇಕು. ಅಪ್‌ಡೇಟ್ ಆದಾಗ ವೋಲ್ಟೆ ಆಫ್ ಆಗಿದ್ದರೆ ಫೋನ್ ಸುಮ್ಮನಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಒಳಗೆ ವೋಲ್ಟೆ ಆನ್ ಮಾಡಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆ ನೋಡಬೇಕು. 5ಜಿ ಸಿಗ್ನಲ್ ಬಂದು ಹೋಗಿ ಮಾಡುವ ಊರಾದರೆ ಅದೇ ಜಾಗದಲ್ಲಿ 4ಜಿ ಮಾತ್ರ ಎಂದು ಆರಿಸಿ. ಬ್ಯಾಟರಿಯೂ ಉಳಿಯುತ್ತದೆ. ಇಷ್ಟಕ್ಕೂ ಸರಿಯಾಗದಿದ್ದರೆ ಅಲ್ಲೇ ಆಕ್ಸೆಸ್ ಪಾಯಿಂಟ್ ನೇಮ್ಸ್ (ಎಪಿಎನ್) ಒಳಗೆ ಹೋಗಿ ಡೀಫಾಲ್ಟ್‌ಗೆ ರೀಸೆಟ್ ಮಾಡಿ. ಕೊನೆಗೆ ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್. ಇದರಲ್ಲಿ ಫೋಟೋ, ಚಾಟ್ ಏನೂ ಹೋಗುವುದಿಲ್ಲ. ವೈಫೈ ಪಾಸ್‌ವರ್ಡ್‌ಗಳು, ಬ್ಲೂಟೂತ್ ಜೋಡಣೆಗಳು ಮಾತ್ರ ಹೋಗುತ್ತವೆ. ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಇರುವವರು, ಅದನ್ನು ಅಳಿಸುವುದೇ ಎಂದು ಫೋನ್ ಕೇಳಿದರೆ ಬೇಡ ಎನ್ನಿ.

ಮಾತು ಕೇಳಿಸದಿದ್ದರೆ ಬ್ಲೂಟೂತ್ ಆಫ್ ಮಾಡಿ ನೋಡಿ, ಎಲ್ಲೋ ಇರುವ ಇಯರ್‌ಬಡ್‌ಗೆ ಧ್ವನಿ ಹೋಗುತ್ತಿರಬಹುದು. ಬೆರಳಚ್ಚು ಹಿಡಿಯದಿದ್ದರೆ ಹಳೆಯದನ್ನು ಅಳಿಸಿ ಹೊಸದಾಗಿ ಕೊಡಿ. ಕನ್ನಡ ಕೀಬೋರ್ಡ್ ಮಾಯವಾಗಿದ್ದರೆ ಕೀಬೋರ್ಡ್ ಸೆಟ್ಟಿಂಗ್ಸ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಮತ್ತೆ ಸೇರಿಸಿದರೆ ಆಯಿತು.

ಬ್ಯಾಟರಿ ವಾರವಾದರೂ ಸುಧಾರಿಸದಿದ್ದರೆ ಸೆಟ್ಟಿಂಗ್ಸ್‌ನ ಬ್ಯಾಟರಿ ಬಳಕೆಯ ಪಟ್ಟಿ ನೋಡಿ. ಮೇಲೆ ಕೂತಿರುವ ಆ್ಯಪ್ ಯಾವುದು? ಬೇಡದ್ದಾದರೆ ತೆಗೆಯಿರಿ, ಬೇಕಾದ್ದಾದರೆ ಹಿನ್ನೆಲೆಯಲ್ಲಿ ಓಡದಂತೆ ತಡೆಯಿರಿ. ಮೂರು ನಾಲ್ಕು ವರ್ಷದ ಫೋನ್ ಆದರೆ ಬ್ಯಾಟರಿಯೇ ಹಳೆಯದಾಗಿ, ಅಪ್‌ಡೇಟ್ ಅದನ್ನು ಎತ್ತಿ ತೋರಿಸಿರಬಹುದು.

ಹೆಜ್ಜೆ 5: ಸೇಫ್ ಮೋಡ್

ಆಂಡ್ರಾಯ್ಡ್‌ನಲ್ಲಿ ಇದೊಂದು ಬಹಳ ಒಳ್ಳೆಯ ಉಪಾಯ, ಬಳಸುವವರು ಕಡಿಮೆ. ಪವರ್ ಬಟನ್ ಒತ್ತಿ ಹಿಡಿದರೆ ಪವರ್ ಆಫ್ ಎಂದು ಬರುತ್ತದಲ್ವಾ, ಆ ಚಿಹ್ನೆಯನ್ನೇ ಒತ್ತಿ ಹಿಡಿಯಿರಿ. ಸೇಫ್ ಮೋಡ್‌ಗೆ ಹೋಗಲೇ ಎಂದು ಕೇಳುತ್ತದೆ. ಕೆಲವು ಫೋನ್‌ಗಳಲ್ಲಿ ಆನ್ ಆಗುವಾಗ ವಾಲ್ಯೂಮ್ ಇಳಿಸುವ ಬಟನ್ ಹಿಡಿದಿರಬೇಕು. ಈ ಮೋಡ್‌ನಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ಯಾವುವೂ ಓಡುವುದಿಲ್ಲ, ಫೋನಿನ ಸ್ವಂತದ್ದು ಮಾತ್ರ ಓಡುತ್ತದೆ. ಏನೂ ಅಳಿಯುವುದಿಲ್ಲ.

ಇಲ್ಲಿ ಒಂದೆರಡು ಗಂಟೆ ಬಳಸಿ. ತೊಂದರೆ ಕಾಣಿಸದಿದ್ದರೆ ತಪ್ಪು ಯಾವುದೋ ಆ್ಯಪ್‌ನದು. ರೀಸ್ಟಾರ್ಟ್ ಮಾಡಿ ಹೊರಬಂದು, ಇತ್ತೀಚೆಗೆ ಬಂದ ಆ್ಯಪ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಫೋನ್ ಸ್ವಚ್ಛ ಮಾಡುತ್ತೇನೆ, ಬ್ಯಾಟರಿ ಉಳಿಸುತ್ತೇನೆ ಎನ್ನುವ ಕ್ಲೀನರ್ ಆ್ಯಪ್‌ಗಳ ಮೇಲೆ ನನಗೆ ಮೊದಲ ಅನುಮಾನ. ಸೇಫ್ ಮೋಡ್‌ನಲ್ಲೂ ತೊಂದರೆ ಹಾಗೇ ಇದ್ದರೆ ತಪ್ಪು ಬಹುಪಾಲು ಅಪ್‌ಡೇಟ್‌ನದೇ ಅಥವಾ ಫೋನಿನದೇ. ಆಗ ಆ್ಯಪ್‌ಗಳನ್ನು ತೆಗೆದು ಪ್ರಯೋಜನವಿಲ್ಲ.

ಸ್ಯಾಮ್‌ಸಂಗ್ ಫೋನ್ ಇರುವವರಿಗೆ ಇನ್ನೊಂದು ದಾರಿ ಇದೆ. ಫೋನ್ ಆಫ್ ಮಾಡಿ, ಕೇಬಲ್‌ನಿಂದ ಕಂಪ್ಯೂಟರ್‌ಗೆ ಸೇರಿಸಿ, ವಾಲ್ಯೂಮ್ ಏರಿಸುವ ಬಟನ್ ಮತ್ತು ಪವರ್ ಬಟನ್ ಒಟ್ಟಿಗೆ ಹಿಡಿದರೆ ರಿಕವರಿ ಎಂಬ ಪಟ್ಟಿ ಬರುತ್ತದೆ. ಅಲ್ಲಿ ವೈಪ್ ಕ್ಯಾಶ್ ಪಾರ್ಟಿಷನ್, ಹೊಸ ಫೋನ್‌ಗಳಲ್ಲಿ ರಿಪೇರ್ ಆ್ಯಪ್ಸ್ ಎಂಬ ಸಾಲುಗಳಿವೆ. ಎರಡೂ ನಿಮ್ಮ ಡೇಟಾ ಮುಟ್ಟುವುದಿಲ್ಲ. ಆದರೆ ವೈಪ್ ಡೇಟಾ ಎಂಬ ಸಾಲೂ ಅಲ್ಲೇ ಹತ್ತಿರದಲ್ಲಿದೆ. ಅದು ಎಲ್ಲವನ್ನೂ ಅಳಿಸುತ್ತದೆ. ಕನ್ನಡಕ ಹಾಕಿಕೊಂಡು, ನಿಧಾನವಾಗಿ ಓದಿ ಆರಿಸಿ.

ಹೆಜ್ಜೆ 6: ಲೋಗೋದಲ್ಲೇ ನಿಂತಿದ್ದರೆ

ಗಾಬರಿ ಬೇಡ. ಮೊದಲು ಅರ್ಧ ಗಂಟೆ ಚಾರ್ಜಿಗೆ ಹಾಕಿ ಬಿಡಿ, ದೊಡ್ಡ ಅಪ್‌ಡೇಟ್ ಮುಗಿಯಲು ಸಮಯ ತಗೊಳ್ಳುತ್ತಿರಬಹುದು. ಆಮೇಲೂ ಅಲ್ಲಾಡದಿದ್ದರೆ ಬಲವಂತದ ರೀಸ್ಟಾರ್ಟ್. ಹೆಚ್ಚಿನ ಆಂಡ್ರಾಯ್ಡ್‌ಗಳಲ್ಲಿ ಪವರ್ ಬಟನ್ ಒಂದನ್ನೇ ಅಥವಾ ವಾಲ್ಯೂಮ್ ಇಳಿಸುವ ಬಟನ್ ಜೊತೆಗೆ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಬೇಕು. ಈಗಿನ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಿಸ್ಟಂನ ಎರಡು ಪ್ರತಿಗಳಿರುತ್ತವೆ. 2016ರ ಆಂಡ್ರಾಯ್ಡ್ 7ರಿಂದ ಬಂದ ಏರ್ಪಾಡು ಇದು. ಹೊಸ ಪ್ರತಿ ಮೇಲೇಳದಿದ್ದರೆ ಫೋನ್ ತಾನಾಗಿಯೇ ಹಳೆಯದಕ್ಕೆ ವಾಪಸ್ ಹೋಗುತ್ತದೆ. ಅದಕ್ಕೆ ನಾಲ್ಕೈದು ಸಲ ಆನ್ ಆಗುವ ಪ್ರಯತ್ನ ಮಾಡಲು ಬಿಡಿ.

ಐಫೋನ್ 8 ಮತ್ತು ಆಮೇಲಿನವುಗಳಲ್ಲಿ ವಾಲ್ಯೂಮ್ ಏರಿಸುವ ಬಟನ್ ಒತ್ತಿ ಬಿಡಿ, ಇಳಿಸುವ ಬಟನ್ ಒತ್ತಿ ಬಿಡಿ, ಪಕ್ಕದ ಬಟನ್ ಹಿಡಿದೇ ಇರಿ. ಕಂಪ್ಯೂಟರ್‌ಗೆ ಸೇರಿಸಿ ಇದನ್ನೇ ಮಾಡಿ, ಆ್ಯಪಲ್ ಗುರುತು ಬಂದರೂ ಬಿಡದೆ ಹಿಡಿದರೆ ಕೇಬಲ್ ಮತ್ತು ಕಂಪ್ಯೂಟರ್ ಚಿತ್ರ ಬರುತ್ತದೆ. ಆಗ ಕಂಪ್ಯೂಟರ್ ಎರಡು ದಾರಿ ಕೊಡುತ್ತದೆ: ಅಪ್‌ಡೇಟ್ ಮತ್ತು ರಿಸ್ಟೋರ್. ಅಪ್‌ಡೇಟ್ ಆರಿಸಿ. ಅದು ಡೇಟಾ ಉಳಿಸಿಕೊಂಡೇ ಸಾಫ್ಟ್‌ವೇರ್ ಹೊಸದಾಗಿ ಹಾಕಲು ಪ್ರಯತ್ನಿಸುತ್ತದೆ. ರಿಸ್ಟೋರ್ ಎಂದರೆ ಎಲ್ಲವೂ ಖಾಲಿ. ಈ ಒಂದು ಪದದ ವ್ಯತ್ಯಾಸ ಗೊತ್ತಿಲ್ಲದೆ ಮಕ್ಕಳ ಫೋಟೋ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಹಳೆಯ ವರ್ಷನ್‌ಗೆ ವಾಪಸ್ ಹೋಗಬಹುದಾ?

ಎಲ್ಲರೂ ಕೇಳುವ ಪ್ರಶ್ನೆ. ಬಹುತೇಕರಿಗೆ ನನ್ನ ಉತ್ತರ, ಬೇಡ. ಐಫೋನ್‌ನಲ್ಲಿ ಹಳೆಯ ಐಒಎಸ್ ಹಾಕಲು ಆ್ಯಪಲ್‌ನ ಸರ್ವರ್ ಒಪ್ಪಿಗೆ ಕೊಡಬೇಕು. ಹೊಸದು ಬಂದ ಸ್ವಲ್ಪ ದಿನಕ್ಕೆ ಹಳೆಯದಕ್ಕೆ ಒಪ್ಪಿಗೆ ಕೊಡುವುದನ್ನು ನಿಲ್ಲಿಸುತ್ತಾರೆ. ಆಂಡ್ರಾಯ್ಡ್‌ನಲ್ಲಿ ಹಳೆಯ ತೂತುಗಳಿರುವ ವರ್ಷನ್‌ಗೆ ಹೋಗದಂತೆ ತಡೆಯುವ ಬೀಗ ಇರುತ್ತದೆ. 2022ರಲ್ಲಿ ಪಿಕ್ಸೆಲ್ 6 ಸರಣಿಗೆ ಆಂಡ್ರಾಯ್ಡ್ 13 ಹಾಕಿದವರು ಮತ್ತೆ 12ಕ್ಕೆ ಮರಳದಂತೆ ಗೂಗಲ್ ಹೀಗೇ ಮಾಡಿತು. ಬೀಗ ಇರುವ ಫೋನಿಗೆ ಬಲವಂತವಾಗಿ ಹಳೆಯದನ್ನು ತುರುಕಿದರೆ ಅದು ಮತ್ತೆ ಆನ್ ಆಗದೇ ಹೋಗಬಹುದು. ಬೂಟ್‌ಲೋಡರ್ ಅನ್‌ಲಾಕ್ ಮಾಡಿದರೆ, ಅಂದರೆ ಬೇರೆ ಸಾಫ್ಟ್‌ವೇರ್ ಹಾಕಲು ಬಿಡದ ಬೀಗವನ್ನು ತೆಗೆದರೆ, ಡೇಟಾ ಅಳಿಯುತ್ತದೆ, ಆಮೇಲೆ ಬ್ಯಾಂಕ್ ಆ್ಯಪ್‌ಗಳು ಓಡದೇ ಹೋಗಬಹುದು, ವಾರಂಟಿಗೂ ತಕರಾರು ಬರಬಹುದು. ಅಂಗಡಿಯವರು "ಹಳೇ ಸಾಫ್ಟ್‌ವೇರ್ ಫ್ಲ್ಯಾಶ್ ಮಾಡ್ಕೊಡ್ತೀನಿ" ಎಂದರೆ ಇದನ್ನೆಲ್ಲ ಕೇಳಿ ಆಮೇಲೆ ಒಪ್ಪಿಕೊಳ್ಳಿ.

ಹೆಜ್ಜೆ 7: ಫ್ಯಾಕ್ಟರಿ ರೀಸೆಟ್ (ಫಾರ್ಮ್ಯಾಟ್), ಮಾಡಲೇಬೇಕಾದರೆ

ಮೊದಲು ನೋಡಬೇಕಾದ್ದು, ನಿಮ್ಮ ಮಾಡೆಲ್ ಇರುವ ಬೇರೆಯವರಿಗೂ ಇದೇ ತೊಂದರೆ ಆಗಿದೆಯೇ ಎಂದು. ಎಲ್ಲರಿಗೂ ಆಗಿದ್ದರೆ ರೀಸೆಟ್‌ನಿಂದ ಸರಿಯಾಗುವ ಸಾಧ್ಯತೆ ಕಡಿಮೆ, ಅದೇ ಕೆಟ್ಟ ಅಪ್‌ಡೇಟ್ ರೀಸೆಟ್ ಆದಮೇಲೂ ಅಲ್ಲೇ ಇರುತ್ತದೆ. ಚಿಕ್ಕಮ್ಮನ ಫೋನಿನಲ್ಲಿ ಆಗಿದ್ದು ಇದೇ. ನಿಮ್ಮೊಬ್ಬರಿಗೇ ಆಗಿದ್ದರೆ, ಹಿಂದಿನದೆಲ್ಲ ಮಾಡಿ ನೋಡಿದ್ದರೆ, ಬ್ಯಾಕಪ್ ಕಣ್ಣಾರೆ ಕಂಡಿದ್ದರೆ ರೀಸೆಟ್ ಮಾಡಿ.

ಮಾಡುವ ಮುಂಚೆ ಗೂಗಲ್ ಖಾತೆ, ಐಫೋನ್ ಆದರೆ ಆ್ಯಪಲ್ ಖಾತೆ, ಇವುಗಳ ಪಾಸ್‌ವರ್ಡ್ ನೆನಪಿದೆಯೇ ನೋಡಿ. ಮೆನುವಿನಿಂದ ಅಲ್ಲದೆ ಬಟನ್ ಹಿಡಿದು ರೀಸೆಟ್ ಮಾಡಿದ ಫೋನ್, ಕಳ್ಳತನದ್ದಲ್ಲ ಎಂದು ಖಚಿತ ಮಾಡಿಕೊಳ್ಳಲು ಹಳೆಯ ಖಾತೆಯನ್ನೇ ಕೇಳುತ್ತದೆ. ಮೆಮೊರಿ ಕಾರ್ಡ್ ತೆಗೆದಿಡಿ. ಆದಮೇಲೆ ಫೋನ್‌ಪೇ, ಗೂಗಲ್ ಪೇ ತರಹದ ಯುಪಿಐ ಆ್ಯಪ್‌ಗಳು ನಿಮ್ಮ ಸಿಮ್‌ನಿಂದ ಎಸ್‌ಎಂಎಸ್ ಕಳಿಸಿ ನಂಬರ್ ಪರೀಕ್ಷಿಸುತ್ತವೆ. ಬ್ಯಾಂಕಿಗೆ ಕೊಟ್ಟ ಸಿಮ್ ಫೋನಿನಲ್ಲೇ ಇರಬೇಕು, ಅದರಲ್ಲಿ ಎಸ್‌ಎಂಎಸ್ ಹೋಗುವಷ್ಟು ರೀಚಾರ್ಜ್ ಇರಬೇಕು.

ಹೆಜ್ಜೆ 8: ದೂರು ಕೊಡಿ, ಸುಮ್ಮನೆ ನುಂಗಿಕೊಳ್ಳಬೇಡಿ

ಕಂಪನಿಗೆ ತೊಂದರೆ ತಿಳಿಸಲು ಫೋನಿನಲ್ಲೇ ದಾರಿ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್, ಬೇರೆಯವುಗಳಲ್ಲಿ ಫೀಡ್‌ಬ್ಯಾಕ್ ಎಂಬ ಜಾಗ. "ಫೋನ್ ಸರಿಯಿಲ್ಲ" ಎಂದಷ್ಟೇ ಬರೆದರೆ ಏನೂ ಆಗುವುದಿಲ್ಲ. ಮಾಡೆಲ್, ಬಿಲ್ಡ್ ನಂಬರ್, ಯಾವ ದಿನದಿಂದ, ಏನು ಮಾಡಿದಾಗ ಏನಾಗುತ್ತದೆ, ಸೇಫ್ ಮೋಡ್‌ನಲ್ಲೂ ಆಗುತ್ತದೆಯೇ ಎಂದು ಬರೆಯಿರಿ. ಮೊದಲ ಹೆಜ್ಜೆಯ ಚೀಟಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಸರ್ವಿಸ್ ಸೆಂಟರ್‌ಗೆ ಹೋದರೆ ಜಾಬ್ ಶೀಟ್ (ಫೋನ್ ಮತ್ತು ತೊಂದರೆಯ ವಿವರ ಬರೆದ ರಸೀದಿ) ಇಲ್ಲದೆ ಫೋನ್ ಕೊಡಬೇಡಿ. ಅದರಲ್ಲಿ "ಅಪ್‌ಡೇಟ್ ಆದ ನಂತರ ಶುರುವಾದ ತೊಂದರೆ" ಎಂದು ಬರೆಸಿ. ಕೌಂಟರ್‌ನಲ್ಲಿ "ಬೋರ್ಡ್ ಹೋಗಿದೆ" ಎಂದು ಫೋನಿನ ಅರ್ಧ ಬೆಲೆ ಹೇಳಿದರೆ ಅಲ್ಲೇ ಒಪ್ಪಬೇಡಿ. ಅದನ್ನು ಬರವಣಿಗೆಯಲ್ಲಿ ಕೇಳಿ. ವಾರಂಟಿ ಮುಗಿದಿದ್ದರೂ ಕೇಳುವುದನ್ನು ಬಿಡಬೇಡಿ. ಎಂಐ ಎ3 ಕೆಟ್ಟಾಗ ಶಿಯೋಮಿ ವಾರಂಟಿ ಇರಲಿ ಬಿಡಲಿ ಉಚಿತವಾಗಿ ಸರಿಮಾಡಿಕೊಟ್ಟಿತು. ಸ್ಕ್ರೀನ್ ಮೇಲೆ ಹಸಿರು ಗೆರೆ ಬರುವ ತೊಂದರೆಗೆ ಒನ್‌ಪ್ಲಸ್ ಭಾರತದಲ್ಲಿ ಅಮೋಲೆಡ್ ಎಂಬ ಬಗೆಯ ಸ್ಕ್ರೀನ್ ಇರುವ ತನ್ನ ಫೋನ್‌ಗಳಿಗೆ ಜೀವಿತಾವಧಿ ವಾರಂಟಿ ಘೋಷಿಸಿದೆ. ಜನ ಬಿಡದೆ ಕೇಳಿದ್ದರಿಂದಲೇ ಇದು ಬಂದದ್ದು ಎಂದು ನನ್ನ ನಂಬಿಕೆ.

ಕಂಪನಿ ಕೈ ತೊಳೆದುಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಈ ದೂರುಗಳು ಎಲ್ಲೋ ಹೋಗಿ ಬೀಳುವುದಿಲ್ಲ. ಐಒಎಸ್ 18 ಹಾಕಿಕೊಂಡ ಮೇಲೆ ಐಫೋನ್‌ಗಳು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಇದೇ ಸಹಾಯವಾಣಿಗೆ ದೂರುಗಳು ಬಂದಾಗ, 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆ್ಯಪಲ್‌ಗೆ ನೋಟಿಸ್ ಕೊಟ್ಟಿತು. ಅದನ್ನು ತಿಳಿಸಿದವರು ಗ್ರಾಹಕ ವ್ಯವಹಾರಗಳ ಸಚಿವರಾದ ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ. ಇಟಲಿಯಲ್ಲಿ ಇನ್ನೂ ಮುಂದೆ ಹೋಗಿದ್ದರು. ಹಳೆಯ ಫೋನ್‌ಗಳನ್ನು ನಿಧಾನ ಮಾಡಿದ ಅಪ್‌ಡೇಟ್‌ಗಳಿಗಾಗಿ 2018ರಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಆ್ಯಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು.

ಸಹಾಯವಾಣಿಯಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ. ತೊಂದರೆ ಆದ 2 ವರ್ಷದೊಳಗೆ ದೂರು ಹಾಕಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ವಕೀಲರು ಇರಲೇಬೇಕೆಂದಿಲ್ಲ. ಬಿಲ್, ಜಾಬ್ ಶೀಟ್, ಸ್ಕ್ರೀನ್‌ಶಾಟ್, ಕಂಪನಿಯ ಜೊತೆಗಿನ ಇಮೇಲ್, ಇಷ್ಟು ಕೈಯಲ್ಲಿರಲಿ.

ಮುಂದಿನ ಅಪ್‌ಡೇಟ್ ಬಂದಾಗ

ಇಷ್ಟೆಲ್ಲ ಓದಿ ಅಪ್‌ಡೇಟೇ ಬೇಡ ಎಂದುಕೊಳ್ಳಬೇಡಿ. ಬ್ಯಾಂಕು, ಆಧಾರ್, ಮನೆಯವರ ಫೋಟೋ ಎಲ್ಲ ಅದೇ ಫೋನಿನಲ್ಲಿದೆ. ಸೆಕ್ಯುರಿಟಿ ಪ್ಯಾಚ್ ಹಾಕದೆ ಬಿಟ್ಟರೆ ಬಾಗಿಲು ತೆರೆದಿಟ್ಟ ಹಾಗೆ. ನಾನು ಮಾಡುವುದು ಹೀಗೆ: ಸೆಕ್ಯುರಿಟಿ ಪ್ಯಾಚ್ ಬಂದ ವಾರದೊಳಗೆ ಹಾಕುತ್ತೇನೆ. ಈಗಾಗಲೇ ದುರುಪಯೋಗ ಆಗುತ್ತಿರುವ ದೋಷಕ್ಕೆ ತೇಪೆ ಎಂದು ಸುದ್ದಿ ಬಂದರೆ ಅವತ್ತೇ. ವರ್ಷನ್ ಬದಲಾಗುವ ದೊಡ್ಡ ಅಪ್‌ಡೇಟ್‌ಗೆ ಮೂರು ನಾಲ್ಕು ವಾರ ಕಾಯುತ್ತೇನೆ, ಮೊದಲ ತೇಪೆ ಬರುವವರೆಗೆ. ಅದಕ್ಕಿಂತ ಜಾಸ್ತಿ ಕಾಯುವುದಿಲ್ಲ. ಏಕೆಂದರೆ ಸಾಮಾನ್ಯವಾಗಿ ಆಮೇಲಿನ ಪ್ಯಾಚ್‌ಗಳು ಹೊಸ ವರ್ಷನ್‌ನ ಮೇಲೇ ಬರುತ್ತವೆ.

ತಾನಾಗಿ ಅಪ್‌ಡೇಟ್ ಆಗುವುದನ್ನು ತಡೆಯಲು ಸಾಫ್ಟ್‌ವೇರ್ ಅಪ್‌ಡೇಟ್ ಪುಟದಲ್ಲಿ ಆಟೋ ಡೌನ್‌ಲೋಡ್ ಆಫ್ ಮಾಡಿ. ಐಫೋನ್‌ನಲ್ಲಿ ಜನರಲ್ ಒಳಗೆ ಆಟೋಮ್ಯಾಟಿಕ್ ಅಪ್‌ಡೇಟ್ಸ್. ಆಂಡ್ರಾಯ್ಡ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ತೆರೆಯುವ ಡೆವಲಪರ್ ಆಪ್ಷನ್ಸ್‌ನಲ್ಲೂ ಇದನ್ನು ತಡೆಯುವ ಒಂದು ಬಟನ್ ಇದೆ. ಆದರೆ ಡೆವಲಪರ್ ಆಪ್ಷನ್ಸ್ ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ಓಡಲು ಒಪ್ಪುವುದಿಲ್ಲ, ಹಾಗಾಗಿ ಮನೆಯ ಹಿರಿಯರ ಫೋನಿನಲ್ಲಿ ಆ ಗೋಜಿಗೆ ಹೋಗುವುದಿಲ್ಲ.

ದಿನ ನೋಡಿ ಹಾಕಿ. ಪ್ರಯಾಣದ ಹಿಂದಿನ ರಾತ್ರಿ ಬೇಡ, ಮನೆಯಲ್ಲಿ ಮದುವೆ, ಆಸ್ಪತ್ರೆ, ಮಕ್ಕಳ ಪರೀಕ್ಷೆ ಇರುವ ವಾರ ಬೇಡ. ಶುಕ್ರವಾರ ರಾತ್ರಿ ಹಾಕಿ ಕೆಟ್ಟರೆ ಭಾನುವಾರ ಸರ್ವಿಸ್ ಸೆಂಟರ್ ಬಾಗಿಲು ಹಾಕಿರಬಹುದು. ವಾರದ ನಡುವೆ, ಬೆಳಿಗ್ಗೆ, ಮನೆಯಲ್ಲಿ ಇನ್ನೊಂದು ಫೋನ್ ಇರುವಾಗ ಹಾಕುವುದು ನನಗೆ ಸರಿ ಕಂಡಿದೆ. ಬ್ಯಾಕಪ್ ತೆಗೆದು, ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇಟ್ಟು, ವೈಫೈಯಲ್ಲಿ ಹಾಕಿ. ಮುಗಿದ ಕೂಡಲೇ ಎರಡೂ ಸಿಮ್‌ನಿಂದ ಒಂದೊಂದು ಕರೆ ಮಾಡಿ, ಒಂದೊಂದು ಕರೆ ತರಿಸಿಕೊಳ್ಳಿ. ಯುಪಿಐನಲ್ಲಿ ಮನೆಯವರಿಗೇ ಒಂದು ರೂಪಾಯಿ ಕಳಿಸಿ. ಒಂದು ಫೋಟೋ ತೆಗೆಯಿರಿ, ಒಂದು ವಾಯ್ಸ್ ಮೆಸೇಜ್ ಮಾಡಿ ಕೇಳಿ ನೋಡಿ.